ತೋಟದಲ್ಲಿ ವೈಫೈ ಆಫ್, ಮನೆಯಲ್ಲಿ ಆನ್: ಫೋನ್ ಚಾರ್ಜ್ ಉಳಿಸೋದು ಹೀಗೆ

ಕಳೆದ ಬೇಸಿಗೆಯಲ್ಲಿ ನಮ್ಮ ಕಡೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬರ್ತಿತ್ತು. ಒಂದು ರಾತ್ರಿ ಹನ್ನೆರಡೂವರೆಗೆ ಅಪ್ಪ ತೆಂಗಿನ ತೋಟಕ್ಕೆ ನೀರು ಬಿಡಲು ಹೋದರು. ಫೋನಿನಲ್ಲಿ 40 ಪರ್ಸೆಂಟ್ ಚಾರ್ಜ್ ಇತ್ತು, ಸಾಕು ಅಂದುಕೊಂಡೆವು. ನಾಲ್ಕು ಗಂಟೆಯಾದರೂ ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಟಾರ್ಚ್ ಹಿಡಿದು ಓಡಿದೆ. ಗೇಟ್ ವಾಲ್ವ್ ಗುಂಡಿ ಪಕ್ಕದಲ್ಲಿ ಕಾಲು ಉಳುಕಿಸಿಕೊಂಡು ಕೂತಿದ್ದರು. ಬಿದ್ದು ಒಂದು ಗಂಟೆಯ ಮೇಲಾಗಿತ್ತಂತೆ. "ನಿಂಗೆ ಫೋನ್ ಮಾಡೋಣ ಅಂತ ತೆಗೆದೆ, ಸತ್ತೇ ಹೋಗಿತ್ತು" ಅಂದರು.

ಬೆಳಿಗ್ಗೆ ಅವರ ಫೋನಿನ ಸೆಟ್ಟಿಂಗ್ಸ್ ತೆಗೆದು ನೋಡಿದೆ. ತಪ್ಪು ನನ್ನದೇ. ಸಂಜೆ ನನ್ನ ಡೇಟಾ ಮುಗೀತು ಅಂತ ಅವರ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿಕೊಂಡವನು ಆಫ್ ಮಾಡೋದು ಮರೆತಿದ್ದೆ. ಯಾರೂ ಕನೆಕ್ಟ್ ಆಗದಿದ್ದರೆ ತಾನಾಗಿ ಆಫ್ ಆಗುವ ಆಯ್ಕೆಯನ್ನೂ ಹಿಂದೊಮ್ಮೆ ನಾನೇ ತೆಗೆದಿಟ್ಟಿದ್ದೆ. ಹಾಟ್‌ಸ್ಪಾಟ್ ಅಂದರೆ ಫೋನೇ ಒಂದು ರೂಟರ್ ಆದಂತೆ. ಯಾರಿದ್ದರೂ ಇಲ್ಲದಿದ್ದರೂ ಸಿಗ್ನಲ್ ಬಿಡ್ತಾನೇ ಇರುತ್ತೆ, ಫೋನಿಗೆ ಪೂರ್ತಿ ನಿದ್ದೆ ಇಲ್ಲ.

ಆಮೇಲೆ ಕೂತು ಒಂದೊಂದೇ ಸೆಟ್ಟಿಂಗ್ ನೋಡುತ್ತಾ ಬಂದೆ. "ವೈಫೈ ಆಫ್ ಮಾಡಿದ್ರೆ ಬ್ಯಾಟರಿ ಉಳಿಯುತ್ತೆ" ಅಂತ ಎಲ್ಲರೂ ಹೇಳ್ತಾರೆ, ಅದು ಅರ್ಧ ಸತ್ಯ. ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದ್ದರೆ ವೈಫೈ ಆನ್ ಇರಲಿ. ಹತ್ತು ಅಡಿ ದೂರದ ರೂಟರ್ ಜೊತೆ ಮಾತಾಡೋದಕ್ಕೆ ಫೋನಿಗೆ ಹೆಚ್ಚು ಶಕ್ತಿ ಬೇಡ. ದೂರದ ಟವರ್ ಜೊತೆ ಮಾತಾಡೋದೇ ಕಷ್ಟ. ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗ ಫೋನ್ ತನ್ನ ದನಿ ಏರಿಸಿ ಕೂಗುತ್ತೆ, ನಾವು ಆಚೆ ಹೊಲದವರನ್ನು ಕರೆದ ಹಾಗೆ. ಬ್ಯಾಟರಿ ಖಾಲಿಯಾಗೋದು ಆ ಕೂಗಿಗೆ.

ತೋಟದಲ್ಲಿ ಲೆಕ್ಕ ಉಲ್ಟಾ. ಅಲ್ಲಿ ರೂಟರ್ ಇಲ್ಲ, ಆದರೂ ವೈಫೈ ಆನ್ ಇದ್ದರೆ ಫೋನ್ ಆಗಾಗ ಹುಡುಕುತ್ತಾ ಇರುತ್ತೆ. ಹಾಗಾಗಿ ಮನೆ ಬಿಡುವಾಗ ಆಫ್ ಮಾಡಿ. ಆದರೆ ಮೇಲಿನ ಬಟನ್ ಒತ್ತಿದರೆ ಸಾಲದು. ಆಂಡ್ರಾಯ್ಡ್ ಫೋನಿನಲ್ಲಿ ಲೊಕೇಶನ್ ಸೆಟ್ಟಿಂಗ್ ಒಳಗೆ 'ವೈಫೈ ಸ್ಕ್ಯಾನಿಂಗ್' ಅಂತ ಇನ್ನೊಂದಿದೆ. ಅದು ಆನ್ ಇದ್ದರೆ ವೈಫೈ ಆಫ್ ಮಾಡಿದ ಮೇಲೂ ಹುಡುಕಾಟ ನಡೀತಿರುತ್ತೆ. ಪೇಟೆಯಲ್ಲಿ, ಕಟ್ಟಡದೊಳಗೆ ಜಾಗ ಸರಿಯಾಗಿ ತೋರಿಸಲು ಅದು ಬೇಕು. ಬಯಲು ಹೊಲದಲ್ಲಿ ಹುಡುಕಿದರೂ ಸಿಗೋದು ಏನೂ ಇಲ್ಲ, ಮೇಲೆ ಆಕಾಶ ತೆರೆದಿರೋದ್ರಿಂದ ಜಿಪಿಎಸ್ ಒಂದೇ ಸಾಕು. ಬೆಳೆ ಸಮೀಕ್ಷೆ ಆಪ್‌ನಲ್ಲಿ ಫೋಟೋ ತೆಗೆಯುವುದಕ್ಕೂ ಅಷ್ಟೇ. ಹಾಗೇ 'ವೈಫೈ ತಾನಾಗಿ ಆನ್ ಆಗು' ಅನ್ನೋ ಆಯ್ಕೆ ಕಂಡರೆ ಅದನ್ನೂ ತೆಗೆಯಿರಿ. ಕಂಪನಿಯಿಂದ ಕಂಪನಿಗೆ ಜಾಗ ಬೇರೆ. ಸೆಟ್ಟಿಂಗ್ಸ್‌ನ ಹುಡುಕಾಟದಲ್ಲಿ 'ಸ್ಕ್ಯಾನಿಂಗ್' ಅಂತ ಹಾಕಿದರೆ ಸಿಗುತ್ತೆ.

ಲೊಕೇಶನ್ ಮಾತ್ರ ಪೂರ್ತಿ ಆಫ್ ಮಾಡಬೇಡಿ. ಸಿಡಿಲಿನ ಎಚ್ಚರಿಕೆ ಕೊಡುವ 'ದಾಮಿನಿ' ಆಪ್‌ಗೆ ಲೊಕೇಶನ್ನೂ ಬೇಕು, ಡೇಟಾವೂ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕಟ್ಟಿದಾಗ ಚಾರ್ಜ್ ಉಳಿಸೋಕೆ ಹೋಗಿ ಅವೆರಡನ್ನೂ ಮುಚ್ಚಿ ಕೂರೋದು ಜಾಣತನ ಅಲ್ಲ. ಬ್ಯಾಟರಿ ಸೇವರ್ ಹಾಕಿದರೂ ಇಂಥ ಸೂಚನೆ ತಡವಾಗಬಹುದು.

5ಜಿ ಬಂದು ಹೋಗಿ ಮಾಡುವ ಊರಾದರೆ ನೆಟ್‌ವರ್ಕ್ ಟೈಪ್ 4ಜಿಗೆ ಇಳಿಸಿ. 2ಜಿಗೆ ಇಳಿಸುವ ಮೊದಲು ನೋಡಿಕೊಳ್ಳಿ: ಜಿಯೋಗೆ 2ಜಿ ಇಲ್ಲ, ಕಾಲ್ ಬರೋದೇ ನಿಂತು ಹೋಗುತ್ತೆ.

ಮನೆಯೊಳಗೆ ಟವರ್ ಸಿಗದೆ ವೈಫೈ ಮಾತ್ರ ಚೆನ್ನಾಗಿರುವವರು 'ವೈಫೈ ಕಾಲಿಂಗ್' ಆನ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ಮತ್ತೆ ವೈಫೈ ಒಂದನ್ನೇ ಆನ್ ಮಾಡಿ ನೋಡಿ. ಫೋನೂ ಸಿಮ್ಮೂ ಇದಕ್ಕೆ ಒಪ್ಪುವಂಥದ್ದಾದರೆ ಕಾಲ್ ವೈಫೈ ಮೇಲೇ ಬರುತ್ತೆ, ಟವರ್ ಹುಡುಕಾಟ ನಿಲ್ಲುತ್ತೆ. ಒಟಿಪಿ, ಮೊಬೈಲ್ ಸ್ಟಾರ್ಟರ್‌ನ ಮೆಸೇಜ್ ಬರುತ್ತಾ ಅಂತ ಒಂದು ಸಲ ಪರೀಕ್ಷೆ ಮಾಡಿಕೊಳ್ಳಿ. ಹೊರಗೆ ಹೊರಡುವಾಗ ಏರೋಪ್ಲೇನ್ ಮೋಡ್ ತೆಗೆಯೋದು ಮರೆಯಬೇಡಿ, ಇಲ್ಲಾಂದ್ರೆ ಚಾರ್ಜ್ ಇದ್ದೂ ಯಾರ ಕಾಲೂ ಬರಲ್ಲ.

ಅಪ್ಪನ ಕಾಲು ಮೂರು ವಾರಕ್ಕೆ ಸರಿ ಹೋಯ್ತು. ಈಗ ಒಂದು ಹಳೇ ಬಟನ್ ಫೋನೂ ಅವರ ಜೇಬಲ್ಲಿರುತ್ತೆ. ಅವರ ಸ್ಮಾರ್ಟ್‌ಫೋನಿನ ಹಾಟ್‌ಸ್ಪಾಟ್ ಮುಟ್ಟೋದು ಬಿಟ್ಟಿದ್ದೇನೆ, ನನ್ನ ಡೇಟಾ ನಾನೇ ಹಾಕಿಸ್ಕೋತೀನಿ.