ಗೋಣಿಯೇ ಗೋಡೆ, ಸೀರೆಯೇ ಸೂರು

ಬಯಲಿನಲ್ಲಿ ಒಂದು ರಾತ್ರಿ ಕಳೆಯಲು ಏನೇನು ಬೇಕು? ಪೇಟೆಯ ಅಂಗಡಿಯವರನ್ನು ಕೇಳಿದರೆ ಉದ್ದನೆಯ ಪಟ್ಟಿಯನ್ನೇ ಕೊಟ್ಟಾರು: ಮಡಿಸುವ ಡೇರೆ, ಮಡಿಸುವ ಒಲೆ, ಮಡಿಸುವ ಕುರ್ಚಿ, ಚೀಲದಂಥ ಹಾಸಿಗೆ. ಆದರೆ ಶತಮಾನಗಳ ಕಾಲ ಬಯಲನ್ನೇ ಮನೆ ಮಾಡಿಕೊಂಡಿದ್ದ ನಮ್ಮ ಲಂಬಾಣಿಗರ ಬಳಿ ಇವಾವುವೂ ಇರಲಿಲ್ಲ. ಗೋಣಿ, ಕಂಬಳಿ, ಹಗ್ಗ, ಮಡಕೆ, ಹಳೆಯ ಬಟ್ಟೆ, ಇಷ್ಟೇ ಅವರ ಬೀಡಿನ ಸಾಮಗ್ರಿ. ಈ ಸಾಮಾನುಗಳಿಂದ ಅವರು ಮಾಡಿಕೊಂಡ ಉಪಾಯಗಳನ್ನು, ಅವುಗಳ ಹಿಂದಿರುವ ಕಾರಣಗಳನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಬಂಜಾರರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜಿಸುತ್ತಾರೆ. ಭಾಯಗಡವೆಂಬುದು ಅದಕ್ಕಿರುವ ಇನ್ನೊಂದು ಹೆಸರು. ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದರೆಂಬುದು ಅವರ ನಂಬುಗೆ. ಪ್ರತಿ ವರ್ಷ ಆ ಹೊತ್ತಿಗೆ ಕರ್ನಾಟಕದ ತಾಂಡಾಗಳಿಂದಲ್ಲದೆ ನೆರೆಯ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಮಾಲೆ ಧರಿಸಿ ಕಾಲ್ನಡಿಗೆಯಲ್ಲಿ ಬರುವವರೂ ಉಂಟು. ಬೀಡು ಬಿಡುವುದನ್ನೇ ಬದುಕಾಗಿಸಿಕೊಂಡಿದ್ದ ಜನಾಂಗವೊಂದಕ್ಕೆ ನೆಲೆಯೂರಿದ ಮೇಲೂ ಇಂಥದೊಂದು ಕೂಡುವ ತಾಣ ಉಳಿದಿರುವುದು ಅರ್ಥಪೂರ್ಣವಾಗಿದೆ.

ಅವರ ಹಿರಿಯರ ವೃತ್ತಿ ಲದೇಣಿ, ಅಂದರೆ ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿ ನಾಡಿನಿಂದ ನಾಡಿಗೆ ಸಾಗಿಸುವುದು. 1632ರಲ್ಲಿ ಉತ್ತರ ಭಾರತದಲ್ಲಿ ಪಯಣಿಸುತ್ತಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಹದಿನಾಲ್ಕು ಸಾವಿರ ಎತ್ತುಗಳ ತಾಂಡಾವೊಂದನ್ನು ಕಂಡುದಾಗಿ ಬರೆದಿದ್ದಾನೆ. ಹೆಂಡಿರು ಮಕ್ಕಳೆಲ್ಲ ಜತೆಯಲ್ಲಿ. ನಡಿಗೆ ದಿನಕ್ಕೆ ಆರೇಳು ಮೈಲಿ ಮಾತ್ರ, ಅದೂ ತಂಪು ಹೊತ್ತಿನಲ್ಲಿ. ಹೇರಿಳಿಸಿದ ಮೇಲೆ ಎತ್ತುಗಳಿಗೆ ಮೇವು. ಹೀಗೆ ಬೀಡು ಬಿಡುವ ಮೊದಲ ಪಾಠ ಸಾಮಾನಿನದಲ್ಲ, ಹೊತ್ತಿನದು: ದಣಿಯುವ ಮುನ್ನ, ಕತ್ತಲಾಗುವ ಮುನ್ನ ನಿಲ್ಲಬೇಕು.

ಇಳಿಸಿದ ಹೇರೇ ಮನೆಯಾಗುತ್ತಿತ್ತು. ಧಾನ್ಯದ ಗೋಣಿಗಳನ್ನು ಒಂದರ ಮೇಲೊಂದು ಒಟ್ಟಿ ಗೋಡೆ ಕಟ್ಟುವುದು, ಮೇಲೆ ಕಂಬಳಿಯನ್ನೋ ದಪ್ಪ ಬಟ್ಟೆಯನ್ನೋ ಎಳೆದು ಕಟ್ಟುವುದು. ಆ ಗೋಡೆ ಗಾಳಿಯನ್ನು ತಡೆಯುತ್ತಿತ್ತು, ಕಳ್ಳರನ್ನೂ ತಡೆಯುತ್ತಿತ್ತು. ಮಾಲೂ ಕಣ್ಣೆದುರಿಗೇ ಇರುತ್ತಿತ್ತು. ಹೊರಗೆ ನಾಯಿಗಳ ಕಾವಲು. ಸಾಗಿಸಬೇಕಾದ ಹೊರೆಯನ್ನೇ ಆಸರೆಯಾಗಿ ಮಾರ್ಪಡಿಸುವುದಕ್ಕಿಂತ ಜಾಣತನ ಬೇರೇನಿದ್ದೀತು?

ಮನೆಯ ಹಳೆಯ ಸೀರೆಯೊಂದನ್ನು ಇಂದಿಗೂ ಹೀಗೆಯೇ ಸೂರಾಗಿಸಬಹುದು. ಆದರೆ ಸೆರಗಿಗೆ ತೂತು ಮಾಡಿ ಹಗ್ಗ ಪೋಣಿಸಿದರೆ ಗಾಳಿಯ ಮೊದಲ ಹೊಡೆತಕ್ಕೇ ಹರಿಯುತ್ತದೆ. ಬಟ್ಟೆಯ ಮೂಲೆಯಲ್ಲಿ ಗೋಲಿಯಷ್ಟು ದೊಡ್ಡ ನುಣುಪಾದ ಕಲ್ಲೊಂದನ್ನಿಟ್ಟು, ಅದರ ಕೊರಳಿಗೆ ಹಗ್ಗ ಬಿಗಿಯಬೇಕು. ಆಗ ಎಳೆತ ಒಂದೆಳೆಯ ಮೇಲೆ ಬೀಳದೆ ಬಟ್ಟೆಯ ಮಡಿಕೆಗಳಲ್ಲೆಲ್ಲ ಹಂಚಿಹೋಗುತ್ತದೆ. ಇನ್ನು ಹಾಸಿಗೆ. ಚಳಿಯೆಂದರೆ ಹೊದಿಕೆಯೆಂದು ನಾವು ತಿಳಿಯುತ್ತೇವೆ. ದೇಹದ ಕಾವನ್ನು ಹೀರುವುದು ಗಾಳಿಗಿಂತ ಹೆಚ್ಚಾಗಿ ನೆಲ. ಒಣಹುಲ್ಲು ತುಂಬಿದ ಗೋಣಿಯನ್ನು ಕೆಳಗೆ ಹಾಸಿದರೆ, ಮೇಲೆ ಒಂದೇ ಕೌದಿ ಸಾಕು. ಹಳೆಯ ಬಟ್ಟೆಗಳ ಪದರಗಳನ್ನು ಒತ್ತಾಗಿ ಹೊಲಿದ ಕೌದಿ ಬೆಚ್ಚಗಿರುವುದಕ್ಕೂ ಕಾರಣ ಅದರ ನಡುವೆ ಸೆರೆಯಾದ ಗಾಳಿಯೇ.

ಅಡುಗೆಗೆ ಮೂರು ಕಲ್ಲು. ಪಾತ್ರೆಯ ತಳಕ್ಕೆ ಹೊರಗಡೆ ತೆಳ್ಳಗೆ ಮಣ್ಣು ಮೆತ್ತಿದರೆ ಮಸಿ ಮಣ್ಣಿಗೆ ಹತ್ತುತ್ತದೆ, ತೊಳೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಸೌದೆ ಕಡಮೆಯಿದ್ದರೆ ಅನ್ನಕ್ಕೆ ಒಂದು ಜೋರಾದ ಕುದಿ ಬರಿಸಿ, ಮುಚ್ಚಳ ಬಿಗಿದು, ಪಾತ್ರೆಯನ್ನು ದಪ್ಪ ಕಂಬಳಿಯಲ್ಲಿ ಸುತ್ತಿಡಬೇಕು. ಉಳಿದ ಕಾವಿನಲ್ಲಿಯೇ ಅನ್ನ ಬೇಯುತ್ತದೆ. ಯುದ್ಧಕಾಲದ ಯುರೋಪಿನಲ್ಲಿ ಗೃಹಿಣಿಯರು ಒಣಹುಲ್ಲಿನ ಪೆಟ್ಟಿಗೆಯಲ್ಲಿ ಇದನ್ನೇ ಮಾಡಿ ಇಂಧನ ಉಳಿಸಿದರು. ನೀರಿನ ಬಿಂದಿಗೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗಿಟ್ಟರೆ, ಆರುವ ತೇವ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಬುತ್ತಿಗೆ ಮರದ ಕೊಂಬೆಯಿಂದ ತೂಗುವ ನೆಲುವು. ಅದರ ಹಗ್ಗಕ್ಕೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಚೂರೊಂದನ್ನು ಕಟ್ಟಿದರೆ ಇರುವೆ ಇಳಿಯದು. ಹೊರಡುವ ಮುನ್ನ ಬೂದಿಗೆ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಕೈಗೆ ಬಿಸಿ ತಾಗದಷ್ಟು ಆರಿಸಬೇಕು. ಫೆಬ್ರವರಿಯ ಒಣಹುಲ್ಲಿಗೆ ಒಂದು ಕಿಡಿ ಸಾಕು.

ಇಂಥ ಬಾಳ್ವೆಯ ಮೇಲೆ ಎರಡು ಪೆಟ್ಟುಗಳು ಬಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ರಸ್ತೆಗಳೂ ರೈಲೂ ಬಂದು ಹೇರೆತ್ತಿನ ಕೆಲಸವನ್ನು ಕಸಿದುಕೊಂಡವು. 1871ರಲ್ಲಿ ಜಾರಿಗೆ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಅಲೆದಾಟವನ್ನೇ ಶಂಕೆಯ ಕಣ್ಣಿನಿಂದ ನೋಡಿತು. ಬಂಜಾರರ ಕೆಲವು ಗುಂಪುಗಳೂ ಅದರ ಪಟ್ಟಿಗೆ ಸೇರಿದವು. ಸೈನ್ಯಗಳಿಗೆ ಅನ್ನ ಹೊತ್ತು ತಂದವರು ಬೀಡು ಬಿಟ್ಟಲ್ಲೆಲ್ಲ ಲೆಕ್ಕ ಒಪ್ಪಿಸಬೇಕಾದವರಾದರು. ಆ ಕಾಯಿದೆ ರದ್ದಾದದ್ದು 1952ರಲ್ಲಿ.

ಇಂದು ನಗರದ ಯುವಕರು ಸಂತೋಷಕ್ಕಾಗಿ ಬಯಲಿನಲ್ಲಿ ಮಲಗುತ್ತಾರೆ, ಅದು ಒಳ್ಳೆಯದೇ. ಆದರೆ ಕಬ್ಬಿನ ಕಟಾವಿಗೆ, ಕಾಫಿ ತೋಟಗಳಿಗೆ ಗುಳೆ ಹೋಗುವ ಲಂಬಾಣಿ ಕುಟುಂಬಗಳು ಈಗಲೂ ಇವೆ. ಅವರಿಗೆ ಗದ್ದೆಯಂಚಿನ ತಾಡಪಾಲಿನ ಗುಡಿಸಲು ವಿಹಾರವಲ್ಲ. ಅವರ ಜಾಣ್ಮೆಯನ್ನು ನಾವು ಕಲಿಯೋಣ. ಜೊತೆಗೆ, ಆ ಜಾಣ್ಮೆ ಅವರಿಗೆ ಯಾವ ಅನಿವಾರ್ಯದಿಂದ ಬಂತೆಂಬುದನ್ನೂ ನೆನೆಯೋಣ. ಗೋಣಿಯನ್ನು ಗೋಡೆಯಾಗಿಸಬಲ್ಲವರಿಗೆ ನಿಜವಾದ ಗೋಡೆಯ ಮೇಲೂ ಹಕ್ಕಿದೆ.