ಕ್ಯಾನಿನ ತಳದ ಅರ್ಧ ಲೀಟರ್

ನಮ್ಮ ತೋಟದ ಚೈನ್ ಗರಗಸದ ಹಳೆಯ ಪಿಸ್ಟನ್ನನ್ನು ನಾನು ಬಿಸಾಡಿಲ್ಲ, ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ. ಚಿಕ್ಕ ಕಾಫಿ ಲೋಟದ ಬಾಯಿಯಷ್ಟು ಅಗಲದ ಅಲ್ಯೂಮಿನಿಯಂ ತುಂಡು. ಸೈಲೆನ್ಸರ್ ಕಡೆಗಿದ್ದ ಮುಖದಲ್ಲಿ ಮೇಲಿನಿಂದ ಕೆಳಗಿನವರೆಗೆ ಆಳವಾದ ಗೀರುಗಳು. ರಿಂಗು ತನ್ನ ತೋಡಿನಲ್ಲೇ ಅಂಟಿಹೋಗಿದೆ. ತಿರುಗಿಸಿದರೆ ಕಾರ್ಬುರೇಟರ್ ಕಡೆಯ ಮುಖದಲ್ಲೂ ಗೀರುಗಳಿವೆ, ಬೆರಳಾಡಿಸಿದರೆ ತರಿತರಿ.

ಇಂಜಿನ್ ಬಿಚ್ಚಿದ ಮೆಕ್ಯಾನಿಕ್ ಇದನ್ನು ಬೆಳಕಿಗೆ ಹಿಡಿದು ಹೇಳಿದ್ದು ಇಷ್ಟೇ: “ಸೈಲೆನ್ಸರ್ ಕಡೆ ಮಾತ್ರ ಗೀರಿದ್ರೆ ಕಾವು ಜಾಸ್ತಿ ಆಗಿದೆ ಅನ್ನಬಹುದಿತ್ತು. ಎರಡೂ ಕಡೆ ಗೀರಿದೆ ಮಾರಾಯ್ರೇ, ಇದು ಎಣ್ಣೆ ಇಲ್ದೆ ಓಡಿದ್ದು.”

ಎಣ್ಣೆ ಹಾಕಿರಲಿಲ್ಲವೇ? ಹಾಕಿದ್ದೆ. ಲೀಟರಿಗೆ 20 ಮಿಲಿಲೀಟರ್, ಅಳತೆ ಲೋಟದಲ್ಲಿ ಅಳೆದೇ ಹಾಕಿದ್ದೆ. ಅವರು ವಾದಕ್ಕೆ ಬರಲಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದನ್ನು ಒಂದು ಗಾಜಿನ ಬಾಟಲಿಗೆ ಬಗ್ಗಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಅದು ಎರಡಾಗಿ ಕೂತಿತ್ತು. ಮೇಲೆ ತಿಳಿಹಸಿರು, ಅಂದರೆ ನಾನು ಬೆರೆಸಿದ್ದ ಟು-ಟಿ ಎಂಬ ಟೂ-ಸ್ಟ್ರೋಕ್ ಆಯಿಲ್‌ನ ಬಣ್ಣ. ಕೆಳಗೆ ಬಣ್ಣವೇ ಇಲ್ಲದ, ನೀರಿನಂತಹ ಇನ್ನೊಂದು ಪದರ. ನಡುವೆ ಚೂರಿಯಿಂದ ಕೊಯ್ದಂತಹ ಗೆರೆ. ಮಳೆಗಾಲವಿಡೀ ಸೂರಿನಂಚಿನಲ್ಲಿ, ಮುಚ್ಚಳ ಸಡಿಲವಾಗಿದ್ದ ಕ್ಯಾನಿನಲ್ಲಿ ಉಳಿದಿದ್ದ ಪೆಟ್ರೋಲಿನ ಕೊನೆಯ ಅರ್ಧ ಲೀಟರ್ ಅದು. ಬಿಸಿಲು ಬಿದ್ದ ಮೇಲೆ, ದಾರಿಗೆ ಅಡ್ಡ ಬಿದ್ದ ಮರ ಕೊಯ್ಯಲು ಅದನ್ನೇ ಟ್ಯಾಂಕಿಗೆ ಸುರಿದಿದ್ದೆ.

ಆ ಬಣ್ಣವಿಲ್ಲದ ಪದರದಲ್ಲಿ ಎಣ್ಣೆ ಇರಲಿಲ್ಲ. ಇಂಜಿನ್ ಕುಡಿದದ್ದು ಅದನ್ನೇ.

ಕಾರಿಗೋ ಬೈಕಿಗೋ ಕೆಟ್ಟ ಪೆಟ್ರೋಲ್ ಬಿದ್ದರೆ ಗಾಡಿ ಕೆಮ್ಮುತ್ತದೆ, ನಿಲ್ಲುತ್ತದೆ, ತಳ್ಳಿಕೊಂಡು ಹೋಗಬೇಕಾಗುತ್ತದೆ. ಆದರೆ ಪಿಸ್ಟನ್ನೇ ಹೋಗುವುದು ಅಪರೂಪ, ಏಕೆಂದರೆ ಅಲ್ಲಿ ಎಣ್ಣೆಗೆ ಬೇರೆ ಮನೆ ಇದೆ. ಗರಗಸದ ಟೂ-ಸ್ಟ್ರೋಕ್ ಇಂಜಿನ್ನಿಗೆ ಅಂಥ ಮನೆ ಇಲ್ಲ. ಇಂಗ್ಲೆಂಡಿನ ಜೋಸೆಫ್ ಡೇ 1890ರ ಆಸುಪಾಸಿನಲ್ಲಿ ರೂಪಿಸಿದ ಏರ್ಪಾಡೇ ಇಂದಿಗೂ ಇದರ ಬುನಾದಿ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೋಣೆಗೆ ಬರುತ್ತದೆ. ಪಿಸ್ಟನ್ ಕೆಳಗಿಳಿದು ಅದನ್ನು ಒತ್ತಿದಾಗ ಪಕ್ಕದ ಕಿಂಡಿಗಳಿಂದ ಮೇಲೇರಿ ಸಿಲಿಂಡರ್ ಸೇರುತ್ತದೆ. ವಾಲ್ವ್ ಇಲ್ಲ, ಎಣ್ಣೆಯ ತೊಟ್ಟಿ ಇಲ್ಲ. ಬೇರಿಂಗಿಗೂ ಪಿಸ್ಟನ್ನಿಗೂ ಸಿಗುವ ಎಣ್ಣೆ ಎಂದರೆ ಹಾದುಹೋಗುವ ಪೆಟ್ರೋಲಿನಲ್ಲಿ ಬೆರೆತದ್ದು ಮಾತ್ರ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕ್ ಓಡಿಸಿದವರಿಗೆ ಇದು ಹೊಸತಲ್ಲ. ಬಂಕಿನಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಅಳೆದು ಹಾಕಿಸಿಕೊಳ್ಳುತ್ತಿದ್ದ ಕಾಲ ಅದು. ರಸ್ತೆಯ ಮೇಲಿಂದ ಆ ಇಂಜಿನ್ನುಗಳು ಹೆಚ್ಚುಕಡಿಮೆ ಮರೆಯಾದವು. ತೋಟದಲ್ಲಿ ಮಾತ್ರ ಉಳಿದುಕೊಂಡವು. ಹೆಗಲಿಗೆ ನೇತುಹಾಕಿಕೊಂಡು ಹುಲ್ಲು ಹೊಡೆಯಲು, ಮರವೇರಿ ಕೊಂಬೆ ಸವರಲು ಅಷ್ಟು ಹಗುರವಾಗಿ ಅಷ್ಟು ಶಕ್ತಿ ಕೊಡುವ ಇಂಜಿನ್ ಬೇರೊಂದು ಸುಲಭಕ್ಕೆ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಗರಗಸ ಜೋರಾಗಿ ಓಡುವಾಗ ನಿಮಿಷಕ್ಕೆ 12,000 ಸುತ್ತು ಮುಟ್ಟುತ್ತದೆ. ಸೆಕೆಂಡಿಗೆ 200 ಸಲ ಪಿಸ್ಟನ್ ಮೇಲೆ ಹೋಗಿ ಕೆಳಗೆ ಬರುತ್ತದೆ, ಪ್ರತಿ ಸಲವೂ ಒಂದು ಸ್ಫೋಟ. 50ಕ್ಕೆ 1ರ ಮಿಶ್ರಣದಲ್ಲಿ ಒಂದು ಲೀಟರ್ ಪೆಟ್ರೋಲ್ ಮುಗಿಯುವವರೆಗೆ ಅದಕ್ಕೆ ದಕ್ಕುವ ಎಣ್ಣೆ ನಾಲ್ಕು ಟೀ ಚಮಚ. ಆ ನಾಲ್ಕು ಚಮಚ ಬರದಿದ್ದರೆ ಗಂಟೆಗಟ್ಟಲೆ ಕಾಯಬೇಕಿಲ್ಲ, ಕೆಲವೇ ನಿಮಿಷ ಸಾಕು.

ಹಾಗೆಂದು ಧೈರ್ಯಕ್ಕೆ ಇನ್ನೊಂದು ಚಮಚ ಹೆಚ್ಚು ಸುರಿಯುವವರೂ ಇದ್ದಾರೆ. ಅದರಿಂದ ಸೈಲೆನ್ಸರಿನ ಬಾಯಲ್ಲಿ ಮಸಿ ಕಟ್ಟುತ್ತದೆ, ಪ್ಲಗ್ ಒದ್ದೆಯಾಗುತ್ತದೆ. ಬೈಕಿಗೆ ಹಾಕುವ ಇಂಜಿನ್ ಆಯಿಲನ್ನೇ ಬೆರೆಸುವುದು ಇನ್ನೂ ಕೆಟ್ಟದ್ದು, ಅದು ಉರಿದು ಬೂದಿ ಉಳಿಸುವ ಜಾತಿಯದು. ಡಬ್ಬಿಯ ಮೇಲೆ ಟೂ-ಸ್ಟ್ರೋಕ್ ಎಂದಿರಬೇಕು, ಪ್ರಮಾಣ ಯಂತ್ರದ ಕೈಪಿಡಿಯಲ್ಲಿ ಹೇಳಿದಷ್ಟಿರಬೇಕು.

ಇನ್ನು ಆ ಬಣ್ಣವಿಲ್ಲದ ಪದರ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಮೋದಿಯವರು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಕೊಟ್ಟರು. ಇಂದು ಬಹುತೇಕ ಬಂಕುಗಳಲ್ಲಿ ಸಿಗುವುದು ಅದೇ. ಎಥೆನಾಲ್ ಎಂದರೆ ಕಬ್ಬು, ಧಾನ್ಯಗಳಿಂದ ತೆಗೆದ ಆಲ್ಕೋಹಾಲ್. ಅದಕ್ಕೆ ಪೆಟ್ರೋಲಿನ ಜೊತೆಗೂ ಸ್ನೇಹ, ನೀರಿನ ಜೊತೆಗೂ ಸ್ನೇಹ. ಆದರೆ ನೀರಿನ ಮೇಲೆ ಪ್ರೀತಿ ಹೆಚ್ಚು. ಸ್ವಲ್ಪ ನೀರು ಬಂದರೆ ಎಥೆನಾಲ್ ಅದನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಶೇ. 10ರ ಪೆಟ್ರೋಲ್ ಲೀಟರಿಗೆ ಸುಮಾರು ಒಂದು ಚಮಚ ನೀರನ್ನು ಹೀಗೆ ಹೊರಬಲ್ಲದು, ಶೇ. 20ರದ್ದು ಇನ್ನೂ ಸ್ವಲ್ಪ ಹೆಚ್ಚು. ಆ ಮಿತಿ ದಾಟಿತೋ, ಎಥೆನಾಲ್ ಪೆಟ್ರೋಲಿನ ಕೈಬಿಟ್ಟು ನೀರಿನ ಜೊತೆ ತಳಕ್ಕೆ ಇಳಿದುಬಿಡುತ್ತದೆ. ರಾತ್ರಿ ಚಳಿ ಹೆಚ್ಚಾದರೆ ಮಿತಿ ಇನ್ನೂ ಕೆಳಗಿಳಿಯುತ್ತದೆ. ಟು-ಟಿ ಆಯಿಲ್ ಮಾತ್ರ ಪೆಟ್ರೋಲನ್ನು ಬಿಟ್ಟು ಹೋಗುವುದಿಲ್ಲ, ಮೇಲೆಯೇ ಉಳಿಯುತ್ತದೆ. ಟ್ಯಾಂಕಿನೊಳಗೆ ಪೈಪಿನ ತುದಿಯಲ್ಲಿ ತೂಗುವ ಪುಟ್ಟ ಫಿಲ್ಟರ್ ಇದೆಯಲ್ಲ, ಗರಗಸವನ್ನು ಹೇಗೆ ಓರೆ ಮಾಡಿದರೂ ತಳ ಹುಡುಕಿಕೊಂಡು ಹೋಗಲೆಂದೇ ಅದಕ್ಕೆ ಭಾರ ಕೊಟ್ಟಿರುತ್ತಾರೆ. ಆ ಜಾಣ ಏರ್ಪಾಡೇ ಇಲ್ಲಿ ಮುಳುವಾಗುತ್ತದೆ.

ಬಂಕಿನ ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟಿದೆ ಎಂದು ನೋಡುವುದು ಕಷ್ಟವಲ್ಲ. ಬೆಂಕಿಯಿಂದ ದೂರ, ಹೊರಗಿನ ಗಾಳಿಯಲ್ಲಿ, 100 ಮಿಲಿಲೀಟರಿನ ಅಳತೆ ಕೊಳವೆಗೆ 10 ಮಿಲಿಲೀಟರ್ ನೀರು ಹಾಕಿ 100ರ ಗೆರೆಯವರೆಗೆ ಪೆಟ್ರೋಲ್ ತುಂಬಿಸಿ. ಬಿರಡೆ ಹಾಕಿ ಚೆನ್ನಾಗಿ ಕುಲುಕಿ, ಸ್ವಲ್ಪ ಹೊತ್ತು ಬಿಡಿ. ಹತ್ತರ ಗೆರೆಯಲ್ಲಿದ್ದ ನೀರು ಏರಿ 28ರ ಹತ್ತಿರ ನಿಂತರೆ, ಆ ಹೆಚ್ಚಿನ 18 ಮಿಲಿಲೀಟರ್ ಪೆಟ್ರೋಲಿನಿಂದ ಇಳಿದುಬಂದ ಎಥೆನಾಲ್. ತೊಂಬತ್ತರಲ್ಲಿ ಹದಿನೆಂಟು, ಶೇ. 20. ಹೀಗೆ ನೀರಿನಲ್ಲಿ ತೊಳೆದು ಎಥೆನಾಲ್ ತೆಗೆದ ಪೆಟ್ರೋಲನ್ನು ಯಂತ್ರಕ್ಕೆ ಹಾಕಬಹುದೇ ಎಂದು ಕೆಲವರು ಕೇಳುತ್ತಾರೆ. ನಾನು ಹಾಕುವುದಿಲ್ಲ. ಎಥೆನಾಲ್ ಹೋದಾಗ ಅದರ ಜೊತೆಗೇ ಆಕ್ಟೇನ್ ಕೂಡ ಇಳಿಯುತ್ತದೆ, ಇಂಜಿನ್ ಕುಟ್ಟತೊಡಗಬಹುದು.

ನೀರು ಸೇರದಿದ್ದರೂ ಎಥೆನಾಲಿನ ಇನ್ನೊಂದು ಪರಿಣಾಮ ಇದ್ದೇ ಇದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲ್ ತನ್ನ ಅಣುವಿನಲ್ಲೇ ಆಮ್ಲಜನಕ ಹೊತ್ತುಕೊಂಡಿರುವುದರಿಂದ ಅದಕ್ಕೆ 9 ಕಿಲೋ ಸಾಕು. ಶೇ. 20ರ ಮಿಶ್ರಣಕ್ಕೆ ಬೇಕಾದದ್ದು 13.5ರ ಆಸುಪಾಸು. ಕಾರಿನಲ್ಲಿ ಸೈಲೆನ್ಸರ್ ಕೊಳವೆಯ ಸೆನ್ಸರ್ ಇದನ್ನು ಗಮನಿಸಿ ಪೆಟ್ರೋಲ್ ಹೆಚ್ಚಿಸಿಕೊಳ್ಳುತ್ತದೆ. ಕೆಲವು ದುಬಾರಿ ಹೊಸ ಮಾದರಿಗಳನ್ನು ಬಿಟ್ಟರೆ ಗರಗಸಕ್ಕೆ ಆ ಬುದ್ಧಿ ಇಲ್ಲ. ಎಥೆನಾಲ್ ಕಡಿಮೆಯಿದ್ದ ಪೆಟ್ರೋಲಿಗೆ ತಿರುಗಿಸಿಟ್ಟ ಕಾರ್ಬುರೇಟರಿನ ಸ್ಕ್ರೂ ಹಾಗೇ ಇದ್ದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ, ಪೆಟ್ರೋಲ್ ಕಡಿಮೆಯಾಗಿ, ಇಂಜಿನ್ ಬಿಸಿಯಾಗುತ್ತದೆ. ಚಿಕ್ಕ ಇಂಜಿನ್ನುಗಳ ಹೆಚ್ಚಿನ ಕೈಪಿಡಿಗಳು ಶೇ. 10ರ ಮೇಲೆ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ.

ಅನುಭವಿ ಮೆಕ್ಯಾನಿಕ್ ಪೆಟ್ರೋಲಿನ ಈ ಕೊರತೆಯನ್ನು ಕಿವಿಯಲ್ಲೇ ಹಿಡಿಯುತ್ತಾನೆ. ಹೊರೆ ಇಲ್ಲದೆ ಪೂರ್ತಿ ರೇಸ್ ಕೊಟ್ಟಾಗ ಸದ್ದು ಸ್ವಲ್ಪ ಒಡೆದಂತೆ, ಗರಗರ ಎನ್ನುತ್ತಿರಬೇಕು. ಮರಕ್ಕೆ ತಾಗಿದೊಡನೆ ನಯವಾಗಬೇಕು. ಹೊರೆ ಇಲ್ಲದಾಗಲೂ ಕೀಂ ಎಂದು ಒಂದೇ ಸಮ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ. ನನ್ನ ಗರಗಸ ನಿಲ್ಲುವ ಮುಂಚೆ ಹಾಗೆಯೇ ಕೂಗಿತ್ತು. ಒಳ್ಳೆಯ ವೇಗ ಬಂತು ಎಂದುಕೊಂಡಿದ್ದೆ.

ಎಲ್ಲ ತಪ್ಪನ್ನೂ ಎಥೆನಾಲಿನ ತಲೆಗೆ ಕಟ್ಟುವುದು ಸರಿಯಲ್ಲ. ಬೆರಕೆಯೇ ಇಲ್ಲದ ಕಾಲದಲ್ಲೂ ಇಟ್ಟ ಪೆಟ್ರೋಲ್ ಕೆಡುತ್ತಿತ್ತು. ಬೇಗ ಆವಿಯಾಗುವ ಹಗುರ ಅಂಶಗಳು ಮೊದಲು ಹಾರಿಹೋಗುತ್ತವೆ, ಅವಿಲ್ಲದೆ ತಣ್ಣನೆಯ ಇಂಜಿನ್ ಹೊತ್ತಿಕೊಳ್ಳದು. ಉಳಿದದ್ದರಲ್ಲಿ ಕೆಲವು ಅಂಶಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತವೆ. ಹೊಸ ಪೆಟ್ರೋಲಿನ ಚುರುಕು ವಾಸನೆ ಹೋಗಿ ಹಳೆ ವಾರ್ನಿಶಿನ ವಾಸನೆ ಬಂದರೆ ಅದು ಈ ಅಂಟಿನ ಗುರುತು.

ಅಂಟು ಕೂರುವುದು ಕಾರ್ಬುರೇಟರಿನಲ್ಲಿ. ಬೈಕಿನ ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಪುಟ್ಟ ಬಟ್ಟಲಿದ್ದು ಅದರಲ್ಲಿ ಫ್ಲೋಟ್ ತೇಲುತ್ತದೆ. ಗರಗಸವನ್ನು ಅಡ್ಡ, ಓರೆ, ತಲೆಕೆಳಗು ಹಿಡಿಯಬೇಕಾದ್ದರಿಂದ ಬಟ್ಟಲು ನಡೆಯುವುದಿಲ್ಲ. ಹಳೆಯ ಕಾಲದ ಗರಗಸಗಳಲ್ಲಿ ಇಂಜಿನ್ ನೆಟ್ಟಗೆ ಇಟ್ಟುಕೊಂಡು ಸರಪಳಿ ಓಡುವ ಹಲಗೆಯನ್ನು ಮಾತ್ರ ತಿರುಗಿಸುವ ಏರ್ಪಾಡು ಇರುತ್ತಿದ್ದುದು ಇದಕ್ಕೇ. ಈಗ ಬಟ್ಟಲಿನ ಜಾಗದಲ್ಲಿ ಡಯಾಫ್ರಮ್ ಎಂಬ ತೆಳ್ಳನೆಯ ಪೊರೆಗಳಿವೆ. ಒಂದು ಪೊರೆ ಕ್ರ್ಯಾಂಕ್ ಕೋಣೆಯ ಒತ್ತಡದ ಏರಿಳಿತಕ್ಕೆ ಬಡಿದುಕೊಳ್ಳುತ್ತಾ ಪೆಟ್ರೋಲನ್ನು ಮೇಲೆತ್ತುತ್ತದೆ. ಇನ್ನೊಂದು ಪೊರೆ ಸೂಜಿಯೊಂದನ್ನು ತೆರೆದು ಮುಚ್ಚಿ ಅಳತೆ ನೋಡುತ್ತದೆ. ಹೊಸ ಪೊರೆಯನ್ನು ಬೆರಳ ತುದಿಯಲ್ಲಿ ತಟ್ಟಿದರೆ ವೀಳ್ಯದೆಲೆಯಂತೆ ಬಾಗುತ್ತದೆ. ನಮ್ಮ ಯಂತ್ರದಿಂದ ತೆಗೆದದ್ದು ಒಣಗಿದ ಮುತ್ತುಗದ ಎಲೆಯಂತೆ ಚಟಚಟ ಅನ್ನುತ್ತಿತ್ತು. ಬಿಗಿಯಾದ ಪೊರೆ ಬೇಕಾದಷ್ಟು ಬಾಗದು, ಸೂಜಿ ಬೇಕಾದಷ್ಟು ತೆರೆಯದು, ಮತ್ತೆ ಪೆಟ್ರೋಲಿನ ಕೊರತೆ. ಬಿರುಕು ಬಿಟ್ಟ ರಬ್ಬರ್ ಪೈಪು ಗಾಳಿ ಎಳೆದರೂ ಇದೇ ಕತೆ.

ಒಂದು ತೊಂದರೆ ಮಾತ್ರ ಬಿಡಿಭಾಗ ಕೊಳ್ಳದೆಯೇ ಸರಿಹೋಗುವಂಥದ್ದು. ಯಂತ್ರ ಚೆನ್ನಾಗಿ ಹತ್ತು ನಿಮಿಷ ಓಡಿ ತಾನಾಗಿ ನಿಂತಿತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡಿತು ಎಂದಾದರೆ, ನಿಂತ ಕೂಡಲೇ ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ ನೋಡಿ. ಸುಯ್ ಎಂದು ಗಾಳಿ ಒಳಗೆ ಹೋದ ಸದ್ದು ಕೇಳಿಸಿದರೆ, ಟ್ಯಾಂಕಿಗೆ ಗಾಳಿ ಬಿಡುವ ರಂಧ್ರ ಮರದ ಹೊಟ್ಟು ತುಂಬಿ ಮುಚ್ಚಿದೆ. ಅದನ್ನು ಚೊಕ್ಕ ಮಾಡಿದರೆ ಸಾಕು. ಇಂಜಿನ್ ಬಿಸಿ ಇದ್ದಾಗ ಪೆಟ್ರೋಲ್ ಚಿಮ್ಮುವುದೂ ಉಂಟು, ಹಾಗಾಗಿ ಮುಖ ದೂರ ಇರಲಿ.

ಪೆಟ್ರೋಲ್ ಕೆಡುವ ತೊಂದರೆಗೆ ಬೇರೆ ದಾರಿಯೂ ಇದೆ. ಸ್ವೀಡನ್ನಿನಲ್ಲಿ ಕಾಡು ಕಡಿಯುವವರಿಗೆಂದು 1980ರ ದಶಕದ ಕೊನೆಯಿಂದ ಆಲ್ಕೈಲೇಟ್ ಎಂಬ ಶುದ್ಧ ಪೆಟ್ರೋಲ್ ಮಾರುತ್ತಿದ್ದಾರೆ. ಅದರಲ್ಲಿ ಎಥೆನಾಲ್ ಇಲ್ಲ, ಉಸಿರಿಗೆ ಕೆಡುಕಾದ ಬೆಂಜೀನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ವರ್ಷಗಟ್ಟಲೆ ಕೆಡುವುದಿಲ್ಲ. ಟೂ-ಸ್ಟ್ರೋಕಿನಲ್ಲಿ ಕಾಲು ಭಾಗದಷ್ಟು ಪೆಟ್ರೋಲ್ ಉರಿಯದೆಯೇ ಹೊರಬೀಳಬಹುದು, ಅದೆಲ್ಲ ಯಂತ್ರ ಹಿಡಿದವನ ಮೂಗಿನ ಹತ್ತಿರವೇ. ನಮ್ಮ ತೋಟಗಳಲ್ಲಿ ದಿನವಿಡೀ ಹುಲ್ಲು ಹೊಡೆಯುವವರ ಬಗ್ಗೆ ಯೋಚಿಸಿದಾಗ ಅಂಥದ್ದು ಇಲ್ಲಿಯೂ ಸುಲಭಕ್ಕೆ ಸಿಗಬೇಕಿತ್ತು ಅನ್ನಿಸುತ್ತದೆ.

ಸದ್ಯಕ್ಕೆ ನಮ್ಮ ಮನೆಯಲ್ಲಿ ಒಂದೊಂದೇ ಲೀಟರ್ ತರುತ್ತೇವೆ. ಬಿಗಿ ಮುಚ್ಚಳದ ಕ್ಯಾನು ಈಗ ಸೂರಿನಂಚು ಬಿಟ್ಟು ಒಳಗಿನ ಕಲ್ಲುಕಟ್ಟೆಗೆ ಬಂದಿದೆ, ಮೈಮೇಲೆ ತಂದ ತಾರೀಖು. ಎಣ್ಣೆಯನ್ನು ಅವತ್ತಿನ ಕೆಲಸಕ್ಕೆ ಬೇಕಾದಷ್ಟು ಪೆಟ್ರೋಲಿಗೆ ಮಾತ್ರ ಬೆರೆಸುತ್ತೇವೆ. ಸಂಜೆ ಟ್ಯಾಂಕ್ ಬಗ್ಗಿಸಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತೇವೆ. ಮುಂಗಾರು ಹಿಡಿಯುವ ಮುಂಚೆ ಕ್ಯಾನಿನಲ್ಲಿ ಎಣ್ಣೆ ಬೆರೆಸದ ಪೆಟ್ರೋಲ್ ಉಳಿದಿದ್ದರೆ ಗಾಜಿನ ಬಾಟಲಿಗೆ ಹಾಕಿ ಬೆಳಕಿಗೆ ಹಿಡಿಯುತ್ತೇನೆ. ಗೆರೆ ಇಲ್ಲದಿದ್ದರೆ ಅದು ಸ್ಕೂಟರಿಗೆ ಹೋಗುತ್ತದೆ.