ದಿನಕ್ಕೊಂದು ವಿಳಾಸದ ಕಂಪ್ಯೂಟರ್
ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಸವದತ್ತಿ ತಾಲ್ಲೂಕಿನ ಉಗರಗೋಳದ ಹಾದಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳ ಸಾಲು. ಹೋದ ವರ್ಷ ಬೇವಿನ ಮರದ ಕೆಳಗೆ ಬಿಡಾರ ಹೂಡಿದವರು ಈ ಸಲವೂ ಅಲ್ಲೇ ಸಿಗುತ್ತಾರೆಂಬ ಭರವಸೆಯಿಲ್ಲ. ಹಿಂದಿನಿಂದ ಬರುವ ನೆಂಟರಿಗೆ ಪರಿಚಯದ ಅಂಗಡಿಯ ಹೆಸರು ಹೇಳಿಬಂದರೆ ತಾಪತ್ರಯವಿಲ್ಲ. ಇಂಟರ್‌ನೆಟ್ಟಿನಲ್ಲಿ ಇಂಥ ಅಂಗಡಿಗೆ ‘ರಿವರ್ಸ್ ಪ್ರಾಕ್ಸಿ’ ಎನ್ನುತ್ತಾರೆ. ವ್ಯತ್ಯಾಸವೊಂದೇ: ಈ ಅಂಗಡಿಯವರು ದಾರಿ ತೋರಿಸಿ ಸುಮ್ಮನಾಗುವುದಿಲ್ಲ, ತಾವೇ ಬಿಡಾರಕ್ಕೆ ಹೋಗಿ ಉತ್ತರ ತಂದುಕೊಡುತ್ತಾರೆ.

ವೆಬ್ ಸರ್ವರ್ ಎಂದರೆ ಕೇಳಿದವರಿಗೆ ಪುಟ ಕಳಿಸುವ ಕಂಪ್ಯೂಟರ್. ಮನೆಯ ಹಳೆಯ ಯಂತ್ರವೂ ಈ ಕೆಲಸಕ್ಕೆ ಸಾಕು. ಅಡ್ಡಿಯಾಗುವುದು ವಿಳಾಸ. 32 ಬಿಟ್‌ಗಳ ಹಳೆಯ ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಅವುಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಆದ್ದರಿಂದ ಮನೆಗಳಿಗೆ ಸಿಗುವುದು ಕಡ ಕೊಟ್ಟ ವಿಳಾಸ. ಕರೆಂಟು ಹೋಗಿ ಬಂದರೆ ಅದು ಬದಲಾಗಿರಬಹುದು. ಕರೆಂಟಿನ ಆಟವನ್ನು ಹಳ್ಳಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಸ್ಥಿರ ವಿಳಾಸವಿರುವ ಚಿಕ್ಕ ಯಂತ್ರವೊಂದನ್ನು ಬಾಡಿಗೆಗೆ ಪಡೆದು, ಅದರಲ್ಲಿ ರಷ್ಯದ ಇಗೊರ್ ಸೀಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ‘ಎಂಜಿನ್‌ಎಕ್ಸ್’ ಎಂಬ ಉಚಿತ ತಂತ್ರಾಂಶ ಹಾಕಿದರೆ ಅದೇ ಪ್ರಾಕ್ಸಿ. ಮನೆಯ ಯಂತ್ರ ತನ್ನ ಹೊಸ ವಿಳಾಸವನ್ನು ಆಗಾಗ ‘ಡಿಎನ್‌ಎಸ್’ ಎಂಬ ಹೆಸರುಪಟ್ಟಿಗೆ ತಿಳಿಸುತ್ತಿರಬೇಕು.

ಹಲವರು ಮುಗ್ಗರಿಸುವುದು ಇದಾದ ಮೇಲೆ. ಎಂಜಿನ್‌ಎಕ್ಸ್ ಸಾಮಾನ್ಯವಾಗಿ ಆರಂಭದಲ್ಲಿ ಒಮ್ಮೆ ಮಾತ್ರ ಪಟ್ಟಿ ನೋಡಿ ವಿಳಾಸವನ್ನು ನೆನಪಿಟ್ಟುಕೊಳ್ಳುತ್ತದೆ. ರಾತ್ರಿ ವಿಳಾಸ ಬದಲಾದರೆ ಬೆಳಿಗ್ಗೆ ಬಂದವರಿಗೆ ಕಾಣುವುದು ಬರೀ ದೋಷಸಂಖ್ಯೆ. ಅದಕ್ಕಿಂತ ಕೆಟ್ಟದ್ದೂ ಉಂಟು. ಹಳೆಯ ವಿಳಾಸ ಇನ್ನೊಂದು ಮನೆಗೆ ಹೋಗಿದ್ದರೆ ಮಕ್ಕಳ ಹೆಸರು, ಪಾಸ್‌ವರ್ಡ್‌ಗಳು ಅಪರಿಚಿತರ ಬಾಗಿಲು ತಟ್ಟುತ್ತವೆ!

ಸೂಚನೆಗಳ ಕಡತದಲ್ಲಿ ‘ರಿಸಾಲ್ವರ್’ ಸಾಲು ಸೇರಿಸಿ, ಮನೆಯ ಹೆಸರನ್ನು ನೇರವಾಗಿ ಬರೆಯದೆ ಬೀಜಗಣಿತದಂತೆ ಒಂದು ಚರಾಕ್ಷರದ ಮೂಲಕ ಕೊಟ್ಟರೆ, ತಂತ್ರಾಂಶ ಪಟ್ಟಿಯನ್ನು ಮತ್ತೆ ಮತ್ತೆ ನೋಡುತ್ತದೆ. ‘ಈ ವಿಳಾಸವನ್ನು 60 ಸೆಕೆಂಡು ಮಾತ್ರ ನಂಬಿ’ ಎಂದು ಪಟ್ಟಿಯಲ್ಲೇ ಬರೆಯಬಹುದು. ಆದರೂ ಆ ಒಂದು ನಿಮಿಷದ ಸಂದು ಉಳಿದೇ ಉಳಿಯುತ್ತದೆ. ಅದಕ್ಕಾಗಿ ಪ್ರಾಕ್ಸಿಯಿಂದ ಮನೆಗೆ ಹೋಗುವ ಮಾತು ಗೂಢಲಿಪಿಯಲ್ಲಿರಬೇಕು, ಎದುರಿನ ಯಂತ್ರದ ಪ್ರಮಾಣಪತ್ರವನ್ನೂ ಪರೀಕ್ಷಿಸಬೇಕು. ಎಂಜಿನ್‌ಎಕ್ಸ್ ತಾನಾಗಿ ಈ ಪರೀಕ್ಷೆ ಮಾಡದು, ಹೇಳಿ ಮಾಡಿಸಬೇಕು.

ಈಗ ಎಷ್ಟೋ ಸಂಪರ್ಕಗಳಲ್ಲಿ ಒಂದೇ ವಿಳಾಸ ಹಲವು ಮನೆಗಳ ನಡುವೆ ಹಂಚಿಕೆಯಾಗಿರುತ್ತದೆ. ಅಲ್ಲಿಗೆ ಹೊರಗಿನ ಕರೆ ತಲುಪುವುದೇ ಇಲ್ಲ. ಮನೆಯ ಯಂತ್ರವೇ ಪ್ರಾಕ್ಸಿಗೆ ಕರೆಮಾಡಿ ದಾರಿ ತೆರೆದಿಡಬೇಕು. ‘ವೈರ್‌ಗಾರ್ಡ್’ ಎಂಬ ಉಚಿತ ತಂತ್ರಾಂಶ ಇಂಥ ಸುರಂಗ ಕೊರೆಯುತ್ತದೆ. ಅದು ಗುರುತು ಹಿಡಿಯುವುದು ವಿಳಾಸದಿಂದಲ್ಲ, ಸಾರ್ವಜನಿಕ ಕೀಲಿಯಿಂದ. ಮನೆಯ ರೂಟರಿನಲ್ಲಿ ಹೊರಗಿನವರಿಗಾಗಿ ಬಾಗಿಲು ತೆರೆಯುವ ಪ್ರಸಂಗವೂ ಇಲ್ಲವಾದ್ದರಿಂದ ಪಾಲಕರು ಒಪ್ಪಬೇಕಾದ ವಿಧಾನ ಇದೇ. ಸುಮಾರು 25 ಸೆಕೆಂಡಿಗೊಮ್ಮೆ ಒಂದು ಪುಟ್ಟ ಸಂದೇಶ ಹೋಗುತ್ತಿದ್ದರೆ ಸುರಂಗ ಮುಚ್ಚಿಕೊಳ್ಳುವುದಿಲ್ಲ.